ಒಬ್ಬರು ಬರೋರದಾರ

ನಾರಾಯಣಪೇಟೆಯಿಂದ ಮಕ್ತಲಕ್ಕೆ ಹೋಗುವ ದಾರಿಯಲ್ಲಿ ನನ್ನ ಕೈಗೆ ಸಿಕ್ಕು ಬೇಸ್ತು ಬೀಳದ ಮನುಷ್ಯನಿಲ್ಲ. ಜಂಬ ಅಂದುಕೊಂಡರೆ ಅಂದುಕೊಳ್ಳಿ, ಜಂಬವೇ. ನನ್ನಂಥ ಕಂಡಕ್ಟರ್ ಆ ರೂಟಿನಲ್ಲಿ ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವ ಲಕ್ಷಣವೂ ಕಾಣುವುದಿಲ್ಲ. ದೊಡ್ಡ ಪಟೇಲರೊಬ್ಬರು ಒಂದು ಕಾಲು ನೆಲದ ಮೇಲೆ, ಇನ್ನೊಂದು ಕಾಲು ಮೆಟ್ಟಿಲ ಮೇಲೆ ಇಟ್ಟಿರುವಾಗಲೇ ವಿಸಿಲ್ ಊದಿ ಅವರನ್ನು ಕುಣಿಸಿದವನು ನಾನು. ಸೀರೆ ಗಂಟು ತಬ್ಬಿಕೊಂಡು ಕೂತ ನೇಕಾರರ ಮುದುಕಿಗೆ, "ಅವ್ವಾ, ಕೂಸಿಗೂ ಟಿಕೆಟ್ ತಗೋಬೇಕು" ಎಂದು ಗಂಟಿನ ಕೆನ್ನೆ ಸವರಿದವನೂ ನಾನೇ. ಯಾರ ದನಿ ಬೇಕಾದರೂ ನನ್ನ ಗಂಟಲಿನಿಂದ ಬರುತ್ತಿತ್ತು. ಡಿಪೋ ಸಾಹೇಬರ ದನಿಯಲ್ಲಿ ಬೈದರೆ ಮೆಕ್ಯಾನಿಕ್ಕುಗಳು ಬಸ್ಸಿನ ಅಡಿಯಿಂದ ಸೆಲ್ಯೂಟ್ ಹೊಡೆಯುತ್ತಿದ್ದರು.

ನನ್ನ ಆಟಕ್ಕೆ ಬೀಳದ ಒಬ್ಬನೇ ಒಬ್ಬ ಮನುಷ್ಯ ಅದೇ ಬಸ್ಸಿನ ಸ್ಟೇರಿಂಗ್ ಹಿಂದೆ ಕೂತಿರುತ್ತಿದ್ದ. ಅವನ ಹೆಸರು ಬರೆಯುವುದಿಲ್ಲ. ಅವನ ಮನೆಯವರು ಇದನ್ನು ಓದುತ್ತಾರೆ, ನಾರಾಯಣಪೇಟೆಯಲ್ಲೂ ಓದುತ್ತಾರೆ, ಗದ್ವಾಲದಲ್ಲೂ ಓದುತ್ತಾರೆ. ನಾನು ಕರೆಯುತ್ತಿದ್ದದ್ದು ಡ್ರೈವರಣ್ಣ ಅಂತ. ಅವನು ನನ್ನನ್ನು ಕರೆಯುತ್ತಿದ್ದದ್ದು ತಮ್ಮ ಅಂತ. ಹೋದ ಮಳೆಗಾಲದಲ್ಲಿ ಅವನನ್ನು ಮಣ್ಣು ಮಾಡಿ ಬಂದೆವು. ಅಂದಿನಿಂದ ನನ್ನ ತಮಾಷೆಗಳಿಗೆ ಉಪ್ಪು ಕಮ್ಮಿಯಾಗಿದೆ ಎಂದು ಮನೆಯವಳು ಹೇಳುತ್ತಾಳೆ.

ಎತ್ತರದ ಆಳು. ಕಿವಿ ದೊಡ್ಡವು, ಬಸ್ಸಿನ ಎರಡೂ ಬಾಗಿಲು ತೆಗೆದಿಟ್ಟ ಹಾಗೆ ಕಾಣುತ್ತವೆ ಎಂದು ನಾನು ಅವನ ಎದುರಿಗೇ ಹೇಳುತ್ತಿದ್ದೆ. ಬೆಳಿಗ್ಗೆ ಬಂದವನೇ ಹೆಂಡತಿಯ ಹಳೇ ನಾರಾಯಣಪೇಟೆ ಸೀರೆಯ ತುಂಡಿನಿಂದ ಮುಂದಿನ ಗಾಜು ಒರೆಸುವನು. ಆಮೇಲೆ ಸೀಟಿನಲ್ಲಿ ಕೂತು ಎರಡೂ ಕೈ ಸ್ಟೇರಿಂಗ್ ಮೇಲಿಟ್ಟು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವನು. ಬಸ್ಸು ತುಂಬಿರಲಿ, ಹಿಂದಿನವರು ಕೂಗಾಡಲಿ, ಪ್ರಾರ್ಥನೆ ಮುಗಿಯದೆ ಕೀಲಿ ತಿರುಗುತ್ತಿರಲಿಲ್ಲ. ನಾನು ಅವಸರ ಮಾಡಿದರೆ, "ಅವಸರ ನಿನಗೈತಿ ತಮ್ಮಾ, ಬಸ್ಸಿಗಿಲ್ಲ" ಅನ್ನುವನು.

ಒಂದು ಸಲ ಅವನ ಊಟದ ಡಬ್ಬಿಯಲ್ಲಿ ಜೀವಂತ ಕಪ್ಪೆ ಇಟ್ಟೆ. ಡಬ್ಬಿ ತೆಗೆದ. ಕಪ್ಪೆ ಅವನನ್ನು ನೋಡಿತು, ಅವನು ಕಪ್ಪೆಯನ್ನು ನೋಡಿದ. "ಟಿಕೆಟ್ ತಗೊಂಡೀಯೇನು?" ಎಂದು ಕೇಳಿ, ಎರಡು ಬೆರಳಿನಲ್ಲಿ ಎತ್ತಿ ಹೊಲದ ಬದಿಗೆ ಬಿಟ್ಟು ಬಂದು, "ಕಂಡಕ್ಟರ ತನ್ನ ಕೆಲಸ ಸರಿ ಮಾಡವಲ್ಲ" ಎಂದ. ಅಷ್ಟೇ. ನನ್ನ ವೃತ್ತಿಜೀವನದ ದೊಡ್ಡ ಸೋಲು ಅದು.

ಅವನದೊಂದು ವಿಚಿತ್ರ ಅಭ್ಯಾಸವಿತ್ತು. ಮಕ್ತಲ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವವರು ಇಳಿದು, ಹತ್ತುವವರು ಹತ್ತಿ, ನಾನು ವಿಸಿಲ್ ಊದಿದರೂ ಗಾಡಿ ಬಿಡುತ್ತಿರಲಿಲ್ಲ. ಕನ್ನಡಿಯಲ್ಲಿ ಹಿಂದಿನ ರಸ್ತೆ ನೋಡುತ್ತ ಕೂತುಬಿಡುವನು.

"ಯಾಕಣ್ಣಾ?"

"ತಡಿ. ಒಬ್ಬರು ಬರೋರದಾರ."

"ಯಾರು ಬರೋರು? ನಿನ್ನ ಮಾವನ ಮಗಳೇನು?"

ಒಬ್ಬರೂ ಬರುತ್ತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಉಸಿರು ಬಿಟ್ಟು ಗೇರು ಹಾಕುವನು. ದಿನಾಲೂ ಹೀಗೇ. ನಾನು ಆ ಮಾತನ್ನು ಅವನ ದನಿಯಲ್ಲೇ ಅನ್ನಲು ಕಲಿತೆ. ನಾರ್ವ ಊರಿನ ಕಡೆಯ ಹುಡುಗರು ಬಸ್ಸು ಹತ್ತಿದರೆ ಮೊದಲು ಕೇಳುತ್ತಿದ್ದದ್ದು ಅದನ್ನೇ: "ಕಾಕಾ, ಡ್ರೈವರನ ದನಿ ತೆಗೀರಿ." ನಾನು ತೆಗೆಯುತ್ತಿದ್ದೆ. ಬಸ್ಸೆಲ್ಲ ನಗುತ್ತಿತ್ತು, ಅವನೊಬ್ಬನನ್ನು ಬಿಟ್ಟು.

ಇನ್ನೊಂದು ವಿಚಿತ್ರ ಚರ್ಚಿನದು. ನಾವಿಬ್ಬರೂ ಒಂದೇ ಸಭೆಯವರು. ನನ್ನ ಭಕ್ತಿ ಕ್ರಿಸ್ಮಸ್ಸಿಗೆ ಉಕ್ಕಿ ಸಂಕ್ರಾಂತಿಗೆ ಇಳಿಯುವಂಥದು. ಅವನದು ಹಾಗಲ್ಲ. ಚರ್ಚಿನ ಗೋಡೆ ಬಿದ್ದಾಗ ರಜೆ ಹಾಕಿ ಕಲ್ಲು ಹೊತ್ತವನು. ಸಭೆಯೆಲ್ಲ ಒಟ್ಟಿಗೆ ಕರ್ತನು ಕಲಿಸಿದ ಪ್ರಾರ್ಥನೆ ಹೇಳುವಾಗ ಅವನ ದನಿ ಇಂಜಿನ್ನಿನ ಹಾಗೆ ಮುಂದೆ ಹೋಗುತ್ತಿತ್ತು, ನಾವೆಲ್ಲ ಹಿಂದಿನ ಸೀಟುಗಳು. ಆದರೆ ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ್ದೇವೆ ಎನ್ನುವ ಸಾಲಿಗೆ ಬಂತೋ, ಇಂಜಿನ್ ಬಂದ್. ತುಟಿ ಒತ್ತಿ ಹಿಡಿದು ನೆಲ ನೋಡುತ್ತ ನಿಲ್ಲುವನು. ಆ ಸಾಲು ದಾಟಿದ ಮೇಲೆ ಮತ್ತೆ ಶುರು. ಕರ್ತನ ಭೋಜನದ ಭಾನುವಾರ ರೊಟ್ಟಿ ಹಂಚುವ ಹೊತ್ತಿಗೆ ಎದ್ದು ಹೊರಗೆ ಹೋಗಿ, ಬಾಗಿಲಲ್ಲಿ ಬಿದ್ದ ಜನರ ಚಪ್ಪಲಿಗಳನ್ನು ಜೋಡಿ ಜೋಡಿಯಾಗಿ ಇಡುತ್ತ ಕೂಡುವನು. ನಾನು ಎಲ್ಲರಿಗಿಂತ ಮೊದಲು ಹೊರಗೆ ಬಂದು ಅವನ್ನು ಅದಲುಬದಲು ಮಾಡುತ್ತಿದ್ದೆ. ಪಾಸ್ಟರ ಅಮ್ಮನವರು ಒಂದು ಸಲ ಬೇರೆಯವರ ಚಪ್ಪಲಿಯಲ್ಲೇ ಮನೆಗೆ ಹೋದರು.

ಅವನು ಗದ್ವಾಲ ಡ್ಯೂಟಿ ಮಾಡುತ್ತಿರಲಿಲ್ಲ. ಇದು ಡಿಪೋಕ್ಕೆಲ್ಲ ಗೊತ್ತು. ಮಕ್ತಲ ದಾಟಿದರೆ ಹೊಳೆ, ಹೊಳೆಯ ಆಚೆ ಗದ್ವಾಲ; ಆ ಕಡೆ ಅವನ ಗಾಡಿ ಹೋಗುತ್ತಿರಲಿಲ್ಲ. ದಾಮರಗಿದ್ದದ ಕಲ್ಲುರಸ್ತೆಯ ಡ್ಯೂಟಿ, ಯಾರೂ ಬೇಡ ಅನ್ನುವ ಡ್ಯೂಟಿ, ಕೇಳಿ ಹಾಕಿಸಿಕೊಳ್ಳುತ್ತಿದ್ದ.

"ಎಲ್ಲರೂ ಗದ್ವಾಲ ಬೇಕು ಅಂತ ಗಂಟು ಬೀಳತಾರ, ನೀನೊಬ್ಬ ಬ್ಯಾಡ ಅಂತಿ. ಅಲ್ಲೇನು ಹುಲಿ ಐತೇನಯ್ಯಾ?" ಎಂದು ಡಿಪೋ ಸಾಹೇಬರು ರೇಗಿದರು.

"ಹುಲಿ ಇದ್ದಿದ್ರ ಹೋಗತಿದ್ನಿ ಸಾಬ್" ಎಂದ.

ಆ ಮಾತು ಕೇಳಿ ನನ್ನ ಕೈ ತುರಿಸಿತು. ಆಗ ಬಸ್ಸಿನ ಮುಂದೆ ಊರಿನ ಹೆಸರು ಬರೆದ ಹಲಗೆ ಸಿಕ್ಕಿಸುತ್ತಿದ್ದರು. ಒಂದು ದಿನ ಅವನು ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗ, ಮಕ್ತಲದ ಹಲಗೆ ತೆಗೆದು ಗದ್ವಾಲದ ಹಲಗೆ ಸಿಕ್ಕಿಸಿ ಬಂದೆ. ಮಕ್ತಲ ಸ್ಟ್ಯಾಂಡಿನಲ್ಲಿ ಗದ್ವಾಲದ ಜನ ಮುಗಿಬಿದ್ದು ಹತ್ತಿದರು. ಗದ್ವಾಲದಾಚೆ ಐಜಕ್ಕೆ ಹೋಗುವ ಹತ್ತಿ ಸಾಹುಕಾರನೊಬ್ಬ ಮುಂದಿನ ಸೀಟಿನಲ್ಲಿ ಕೂತು, "ಪೋನೀ ಡ್ರೈವರೂ, ಪೋನೀ" ಎಂದು ತೆಲುಗಿನಲ್ಲಿ ಗಾಡಿ ಬಿಡಲು ಅವಸರ ಮಾಡಿದ. ಡ್ರೈವರಣ್ಣ ಕೆಳಗಿಳಿದು ಮುಂದೆ ಬಂದು ಹಲಗೆ ನೋಡಿದ. ಸಿಟ್ಟಾಗಲಿಲ್ಲ. ಹಲಗೆಯನ್ನು ಕಿತ್ತು ಕಂಕುಳಲ್ಲಿ ಇಟ್ಟುಕೊಂಡು, ಹೋಗಿ ಸ್ಟ್ಯಾಂಡಿನ ಸಿಮೆಂಟ್ ಕಟ್ಟೆಯ ಮೇಲೆ ಕೂತ. ಕೂಸನ್ನು ಹಿಡಿದ ಹಾಗೆ ಹಿಡಿದಿದ್ದ. ಜನ ನನ್ನನ್ನು ಬಾಯಿಗೆ ಬಂದ ಹಾಗೆ ಬೈದು ಇಳಿದು ಹೋದರು. ನಾನು ಹತ್ತಿರ ಹೋಗಿ ಕೂತೆ.

"ಅಣ್ಣಾ, ಮಜಾಕ ಮಾಡಿದ್ನಿ."

"ಗೊತ್ತೈತಿ. ಇಲ್ಲೇ ಕುಂದ್ರು."

ಆಮೇಲೆ ಹೇಳಿದ. ಅವನಿಗೊಬ್ಬ ತಮ್ಮನಿದ್ದ. ಸ್ವಂತ ತಮ್ಮ, ಒಡಹುಟ್ಟಿದವನು. ನಾನು ಅಲ್ಲಿಯವರೆಗೆ ಆ ಜಾಗದಲ್ಲಿ ನಾನೇ ಕೂತಿದ್ದೇನೆ ಅಂದುಕೊಂಡಿದ್ದೆ. ತಮ್ಮ ಗದ್ವಾಲದಲ್ಲಿ ಮನೆ ಮಾಡಿಕೊಂಡಿದ್ದ, ತಾಯಿ ಅವನ ಹತ್ತಿರ ಇದ್ದಳು. ಡ್ರೈವರಣ್ಣ ಆಗಿನ್ನೂ ಲಾರಿ ಕ್ಲೀನರ್. ಮಳೆ ಹಿಡಿದು ಕೂತ ದಿನಗಳಲ್ಲಿ ತಾಯಿ ತೀರಿಕೊಂಡ ಸುದ್ದಿ ಬಂತು. ಓಡೋಡಿ ಮಕ್ತಲಕ್ಕೆ ಬಂದರೆ ಗದ್ವಾಲದ ಬಸ್ಸು ಆಗತಾನೇ ಹೊರಟಿತ್ತು.

"ಕೈ ಮಾಡಿಕೋತ ಓಡಿದ್ನಿ ತಮ್ಮಾ. ಆ ಡ್ರೈವರ ಕನ್ನಡ್ಯಾಗ ನನ್ನ ನೋಡಿದ. ಅವನ ಕಣ್ಣ ನನಗ ಕಂಡ್ವು. ನಿಂದರಸಲಿಲ್ಲ. ಅದರ ಹಿಂದನ ಹೊಳಿ ಏರಿತು, ರಸ್ತಾ ಬಂದ್ ಆತು. ಬ್ಯಾರೇ ಬಸ್ಸಿಲ್ಲ. ಈ ಕಟ್ಟಿ ಮ್ಯಾಲ ಕುಂತಿದ್ನಿ."

ಕನ್ನಡಿಯಲ್ಲಿ ದಿನಾಲೂ ಅವನು ಯಾರ ದಾರಿ ನೋಡುತ್ತಿದ್ದ ಎಂದು ಆಗ ತಿಳಿಯಿತು. ಕೈ ಮಾಡುತ್ತ ಓಡಿ ಬರುವ ಒಬ್ಬ ಲಾರಿ ಕ್ಲೀನರನ ದಾರಿ ನೋಡುತ್ತಿದ್ದ. ಆ ಹುಡುಗ ಬಂದು ಹತ್ತುವುದಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು.

"ನಾ ಬರೋತನಕ ತಡೀರಿ ಅಂತ ಸುದ್ದಿ ತಂದವನ ಕೈಲೆ ಹೇಳಿ ಕಳಿಸಿದ್ನಿ" ಎಂದ. "ನೀರ ಇಳದ ಮ್ಯಾಲ ಹೋದ್ರ, ಮಣ್ಣ ಮುಚ್ಚಿಬಿಟ್ಟಿದ್ರು. ಹಿಡಿ ಮಣ್ಣ ಹಾಕಾಕ ನನಗ ಬಿಡಲಿಲ್ಲ. ಯಾಕಂತ ಕೇಳಿದ್ನಿ. ನನ್ನ ತಮ್ಮ ಏನಂದ ಗೊತ್ತೇನು? 'ಅಣ್ಣಾ, ವಾಸನಿ ಬರಾಕ ಹತ್ತಿತ್ತು' ಅಂದ. ನಮ್ಮವ್ವಗ. ನಮ್ಮನ್ನ ಹೊತ್ತು ಹೆತ್ತ ಅವ್ವಗ ವಾಸನಿ ಅಂದ."

ಅವತ್ತು ತಮ್ಮನ ಮನೆಯಲ್ಲಿ ನೀರು ಕುಡಿಯದೆ ಹಿಂದೆ ತಿರುಗಿದವನು ಮತ್ತೆ ಹೋಗಲಿಲ್ಲ.

"ಆ ಬಸ್ಸಿನ ಡ್ರೈವರಗ?" ಎಂದು ಕೇಳಿದೆ. "ಅವನನ್ನ ಮಾಫ್ ಮಾಡೀಯೇನು?"

"ಅವನ್ನ ಅವತ್ತ ಮಾಡೀನಿ. ಅವ ಏನು ನನ್ನ ತಮ್ಮ ಅಲ್ಲಲ್ಲ."

"ಹಂಗಾರ ಚರ್ಚಿನ್ಯಾಗ ಆ ಸಾಲಿಗೆ ಸುಮ್ನಾಗೂದು..."

"ಮತ್ತೇನು ಮಾಡಲಿ? ಮನಸಿನ್ಯಾಗ ಇಲ್ಲದ್ದು ದೇವರ ಮುಂದ ಹ್ಯಾಂಗ ಅನ್ಲಿ? ಸಾಹೇಬನ ಮುಂದ ಸುಳ್ಳ ಹೇಳತೀನಿ ಬೇಕಾದ್ರ. ಅಲ್ಲಿ ಹೇಳಾಕ ಆಗಂಗಿಲ್ಲ, ಸಿಟ್ಟ ಇಟಗೊಂಡು ಆ ರೊಟ್ಟಿ ಮುಟ್ಟಾಕೂ ಆಗಂಗಿಲ್ಲ."

ನನಗೆ ಅವನ ಮೇಲೆ ಗೌರವ ಬಂತು. ನಿಜ ಹೇಳಬೇಕೆಂದರೆ ನಾವೆಲ್ಲ ಆ ಸಾಲನ್ನು ಟಿಕೆಟ್ ಹರಿದ ಹಾಗೆ ಹರಿದು ಎಸೆಯುತ್ತೇವೆ. ಹಿಂದಿನ ಬೆಂಚಿನಲ್ಲಿ ಕೂತು ಪಕ್ಕದ ಮನೆಯವನ ಗೋಡೆಯ ವಿಷಯ ಯೋಚಿಸುತ್ತಲೇ ಕ್ಷಮೆಯ ಮಾತು ಹೇಳಿ ಮುಗಿಸುತ್ತೇವೆ. ಅವನೊಬ್ಬ ಆ ಮಾತಿಗೆ ಭಾರ ಇದೆ ಎಂದು ನಂಬಿದ್ದ, ಎತ್ತಲಾಗದೆ ಕೆಳಗಿಟ್ಟಿದ್ದ. ಕೆಳಗಿಟ್ಟ ಭಾರ ಅಲ್ಲೇ ಬಿದ್ದಿರುತ್ತದೆ ಎಂದು ನಾವಿಬ್ಬರೂ ಅಂದುಕೊಂಡಿದ್ದೆವು.

ಅವನ ಮಗ ದೊಡ್ಡವನಾದ. ಅಪ್ಪನ ಪಕ್ಕದಲ್ಲಿ ನಿಂತು ಪ್ರಾರ್ಥನೆ ಹೇಳುವಾಗ ಅದೇ ಸಾಲಿಗೆ ಅವನದೂ ಬಾಯಿ ಬಂದ್. ಅಪ್ಪನ ಸಿಟ್ಟಿಗೆ ಮಗನ ನಿಷ್ಠೆ ಅದು. ಅತ್ತಿಗೆಮ್ಮ, ಅಂದರೆ ಡ್ರೈವರಣ್ಣನ ಹೆಂಡತಿ, ಗಂಡನಿಗೆ ಬೇಜಾರಾಗಬಾರದು ಎಂದು ತಾನೂ ತುಟಿ ಮುಚ್ಚುತ್ತಿದ್ದಳು. ಮದುವೆಯಾಗಿ ಬಂದ ಸೊಸೆ ಅತ್ತೆಯನ್ನು ನೋಡಿ ಕಲಿತಳು. ಒಂದು ಬೆಂಚು ಪೂರ್ತಿ ಆ ಜಾಗದಲ್ಲಿ ಮೌನ. ನಾನು ಅದಕ್ಕೆ ಸ್ಟಾಪ್ ಇಲ್ಲದ ಸ್ಟಾಪು ಎಂದು ಹೆಸರಿಟ್ಟಿದ್ದೆ. ಪಾಸ್ಟರು ಬಂದು ತಿಳಿ ಹೇಳಿ ಹೋದರು, ಹೊಸ ಪಾಸ್ಟರು ಬಂದರು, ಅವರೂ ಹೇಳಿದರು. ಡ್ರೈವರಣ್ಣ ಎಲ್ಲರಿಗೂ ಚಹಾ ಕುಡಿಸಿ ಕಳಿಸಿದ.

ಆಮೇಲೆ ಮೊಮ್ಮಗಳು ಬಂದಳು. ಎಸ್ತೇರ. ಅವನ ಕಿವಿಗಳೇ ಅವಳಿಗೂ. ಒಂದು ಕ್ರಿಸ್ಮಸ್ಸಿಗೆ ಸಂಡೇ ಸ್ಕೂಲಿನ ಮಕ್ಕಳ ಮುಂದೆ ನಿಂತು ಅವಳೇ ಪ್ರಾರ್ಥನೆ ಹೇಳಿಸಬೇಕೆಂದು ಟೀಚರಮ್ಮ ಗೊತ್ತು ಮಾಡಿದಳು. ಹೊಸ ಲಂಗ, ತಲೆ ತುಂಬ ಕನಕಾಂಬರ. ಗಿಣಿಯ ಹಾಗೆ ಹೇಳುತ್ತ ಬಂದವಳು ಆ ಸಾಲಿಗೆ ಬಂದಾಗ ನಿಂತಳು. ಬಾಯಿ ಮುಚ್ಚಿ, ತಲೆ ತಗ್ಗಿಸಿ ನೆಲ ನೋಡಿದಳು. ಆ ಸಾಲು ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನಿದ್ದು ಮುಂದಿನ ಸಾಲು ಎತ್ತಿಕೊಂಡಳು.

"ಎಸ್ತೇರಾ, ಒಂದು ಸಾಲು ಬಿಟ್ಟಿ ನೋಡು" ಎಂದಳು ಟೀಚರಮ್ಮ.

"ಬಿಟ್ಟಿಲ್ರೀ ಟೀಚರ್. ಅಲ್ಲಿ ಸುಮ್ನಿರಬೇಕು. ನಮ್ಮ ಮನ್ಯಾಗ ಎಲ್ಲಾರೂ ಹಂಗ ಮಾಡತಾರ."

ಸಭೆಯೆಲ್ಲ ನಕ್ಕಿತು. ನನ್ನ ನಗು ಎಲ್ಲರಿಗಿಂತ ಜೋರು, ಅದರಲ್ಲಿ ನನಗೆ ಎಲ್ಲೂ ಸರಿಸಾಟಿಯಿಲ್ಲ. ನಗುತ್ತಲೇ ಪಕ್ಕಕ್ಕೆ ತಿರುಗಿದರೆ ಡ್ರೈವರಣ್ಣನ ಮುಖ ಕಂಡಿತು. ಎದುರಿಗೆ ಲಾರಿ ಬಂದು, ಬ್ರೇಕಿಗೆ ಕಾಲಿಟ್ಟು, ಬ್ರೇಕ್ ಇಲ್ಲ ಎಂದು ಗೊತ್ತಾದಾಗ ಒಬ್ಬ ಡ್ರೈವರನ ಮುಖ ಹೇಗಾಗುತ್ತದೋ ಹಾಗಿತ್ತು.

ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳದೆ ನಿಂತಿದ್ದ.

"ನನ್ನ ಸಿಟ್ಟು ನನಗಿತ್ತು ತಮ್ಮಾ. ಆ ಕೂಸಿಗೆ ಯಾರ ಮ್ಯಾಲ ಸಿಟ್ಟೈತಿ?"

"ಕೂಸೇನು ಬಿಡಣ್ಣಾ, ತಿದ್ದಿದ್ರ ತಿದ್ದಕೋತೈತಿ."

"ಅಕಿ ನನ್ನ ತಮ್ಮನ ಮಾರಿ ನೋಡಿಲ್ಲ. ಹೆಸರ ಸೈತ ಗೊತ್ತಿಲ್ಲ. ಗೊತ್ತಿಲ್ಲದ ಮನಶಾನ್ನ ಮಾಫ್ ಮಾಡಬಾರದು ಅಂತ ಕಲತಾಳ. ಯಾರು ಕಲಿಸಿದ್ರು? ನಾ ಕಲಿಸೀನಿ. ಬಾಯಿ ಬಿಡಲಾರದ ಕಲಿಸೀನಿ."

ನನ್ನ ಹತ್ತಿರ ಎಲ್ಲದಕ್ಕೂ ಒಂದು ತಮಾಷೆ ಇರುತ್ತದೆ. ಅವತ್ತು ಬಗ್ಗಿ ಅವನ ಚಪ್ಪಲಿ ಜೋಡಿ ಹುಡುಕಿ ಕಾಲ ಮುಂದಿಟ್ಟೆ.

ಅಂದಿನಿಂದ ಅವನ ಮನೆಯಲ್ಲಿ ಪ್ರತಿ ಸಂಜೆಯ ಪ್ರಾರ್ಥನೆ ಅವನಿಗೆ ಶಿಕ್ಷೆಯಾಯಿತು. ಆ ಸಾಲು ಬರುವುದು, ಮನೆ ಮಂದಿಯೆಲ್ಲ ಒಟ್ಟಿಗೆ ಸುಮ್ಮನಾಗುವುದು, ಆ ಮೌನದಲ್ಲಿ ಅವನಿಗೆ ಮಳೆಯ ಸದ್ದು ಕೇಳುವುದಂತೆ. ಬೇಸಿಗೆಯಲ್ಲೂ ಕೇಳುವುದಂತೆ. "ಮಳಿ ಸಪ್ಪಳ, ಅದರಾಗ ಬಸ್ಸು ಹೋದ ಸಪ್ಪಳ" ಎನ್ನುತ್ತಿದ್ದ. ತಾನೇ ಆ ಸಾಲು ಹೇಳಿಬಿಟ್ಟರೆ ಮನೆಯವರೂ ಹೇಳುತ್ತಾರೆ ಎಂದು ಬಾಯಿ ತೆಗೆಯುವನು, ಮಾತು ಹೊರಡುವುದಿಲ್ಲ. ಅವನಿಗೆ ದೇವರ ಮುಂದೆ ಸುಳ್ಳು ಹೇಳಲು ಬರುತ್ತಿರಲಿಲ್ಲ, ಮೊಮ್ಮಗಳಿಗಾಗಿ ಕೂಡ.

ರಿಟೈರಾದ ಮೇಲೆ ಒಂದು ದಿನ ನನ್ನ ಮನೆ ಮುಂದೆ ಬಂದು ನಿಂತ. ಇಸ್ತ್ರಿ ಅಂಗಿ, ಕೈಯಲ್ಲಿ ಬಾಳೆಹಣ್ಣಿನ ಚೀಲ.

"ನಡಿ, ಗದ್ವಾಲಕ್ಕ ಹೋಗಿ ಬರೋಣು."

ಹೋದೆವು. ಟಿಕೆಟ್ ಗದ್ವಾಲದವರೆಗೆ. ಮಕ್ತಲ ಬಂತು, ಎದ್ದ, ಇಳಿದ, ಅದೇ ಕಟ್ಟೆಯ ಮೇಲೆ ಕೂತ. ಬಸ್ಸು ಹೋಯಿತು. ಮಿರ್ಚಿ ಭಜಿ ತಿಂದು, ಚಹಾ ಕುಡಿದು ವಾಪಸು ಬಂದೆವು. ಬಾಳೆಹಣ್ಣು ನನ್ನ ಪಾಲಾಯಿತು. ಮುಂದೆ ಇದೇ ನಮ್ಮ ಯಾತ್ರೆಯಾಯಿತು. ಗದ್ವಾಲದ ತಮ್ಮನಿಗೆ ಕೊಂಡ ಬಾಳೆಹಣ್ಣು ತಿಂದು ತಿಂದು ನನ್ನ ಹೊಟ್ಟೆ ಬೆಳೆಯಿತು.

"ಅಣ್ಣಾ, ಫೋನರ ಮಾಡು" ಎಂದೆ ಒಂದು ಸಲ.

"ಮಾಡಿ ಏನನ್ಲಿ? ಮಾಫ್ ಮಾಡೀನಿ ಅಂದ್ರ, ಅವ ನನ್ನ ಕೇಳ್ಯಾನೇನು? ಮಾಫ್ ಮಾಡು ಅಂದ್ರ, ನಾ ಏನು ತಪ್ಪ ಮಾಡೀನಿ?" ಎಂದು ಚಹಾದ ಗ್ಲಾಸು ತಿರುಗಿಸುತ್ತ ಕೂತ. ಆಮೇಲೆ, "ಅವ ಕೊಟ್ಟ ನೀರರ ಕುಡದು ಬರಬೇಕಾಗಿತ್ತು" ಎಂದ.

ಕೊನೆಗೆ ಹಾಸಿಗೆ ಹಿಡಿದ. ನಾನು ದಿನಾ ಹೋಗಿ ಡಿಪೋದ ಚಾಡಿ ಹೇಳಿ ಬರುತ್ತಿದ್ದೆ. ಎಸ್ತೇರ ಆಗ ನರ್ಸಿಂಗ್ ಮುಗಿಸಿ ಊರಿಗೆ ಬಂದಿದ್ದಳು, ತಾತನ ಸೇವೆಯೆಲ್ಲ ಅವಳದೇ; ಗದ್ವಾಲದ ಕಥೆಯನ್ನೂ ತಮ್ಮನ ಫೋನ್ ನಂಬರನ್ನೂ ಅವನಿಂದಲೇ ಕೇಳಿ ತಿಳಿದಿದ್ದಳು. ಒಂದು ಮಧ್ಯಾಹ್ನ ನಾನು ಇದ್ದಾಗಲೇ ಅವಳನ್ನು ಹತ್ತಿರ ಕರೆದ.

"ನಾ ಕಲಿಸಿದ್ದು ಬಿಡವ್ವಾ. ಕರ್ತನು ಕಲಿಸಿದ್ದು ಕಲಿ. ಆ ಸಾಲು ಅನ್ನು."

"ನೀ ಅನ್ನು ತಾತಾ. ನಿನ್ನ ಹಿಂದ ನಾ ಅಂತೀನಿ."

ಬಾಯಿ ತೆಗೆದ. ಅವಳು ಅವನ ತುಟಿಯನ್ನೇ ನೋಡುತ್ತಿದ್ದಳು, ನಾನೂ ನೋಡುತ್ತಿದ್ದೆ. ಆಮೇಲೆ ಅವನು ಗೋಡೆಯ ಕಡೆ ತಿರುಗಿ ಮಲಗಿದ. ಅವಳು ಅವನ ಬೆನ್ನ ಮೇಲೆ ಹೊದಿಕೆ ಎಳೆದಳು.

ಮಳೆಗಾಲದ ಒಂದು ಬೆಳಿಗ್ಗೆ ಹೋದ.

ಮನೆ ಮುಂದೆ ಟೆಂಟು ಹಾಕಿದರು. ಮಗ ಕಣ್ಣೊರೆಸಿಕೊಂಡು, "ಸಂಜಿ ಒಳಗ ಮುಗಸೋಣು, ಮೋಡ ಆಗೈತಿ" ಎಂದ. ಸಭೆಯ ಹಿರಿಯರು ತಲೆಯಾಡಿಸಿದರು. ಆಗ ಎಸ್ತೇರ ಬಾಗಿಲಲ್ಲಿ ಬಂದು ನಿಂತಳು.

"ಗದ್ವಾಲಕ್ಕ ಫೋನ್ ಮಾಡೀನಪ್ಪಾ. ಸಣ್ಣ ತಾತ ಬರೋತನಕ ಎತ್ತೂದು ಬ್ಯಾಡ."

ಮಗನ ಮುಖ ಕೆಂಪಾಯಿತು. "ಯಾರವ್ರು ನಮಗ? ನಮ್ಮಪ್ಪ ಅವರ ಮನಿ ಹೊಸ್ತಿಲ ತುಳೀಲಿಲ್ಲ. ಅವರು ಅವತ್ತ ನಮ್ಮಪ್ಪಗ ಕಾದ್ರೇನು?"

"ಕಾಯಲಿಲ್ಲಂತನ ಇವತ್ತ ನಾವು ಕಾಯಬೇಕು."

"ಮಕ್ಕಳು ಮೊಮ್ಮಕ್ಕಳನ್ನ ಕೂಡಿಸಿಕೊಂಡು ಅವರು ಬರೋದರಾಗ ನಾಳಿ ಆಗತೈತಿ."

"ಆಗಲಿ. ಐಸ್ ಪೆಟ್ಟಿಗಿ ತರಸೀನಿ."

ಐಸ್ ಪೆಟ್ಟಿಗೆ ಎಂದರೆ ಹೆಣ ಕೆಡದಂತೆ ಇಡುವ ಗಾಜಿನ ಪೆಟ್ಟಿಗೆ. ಆ ಕಾಲಕ್ಕೆ ಇಂಥದೊಂದು ಪೆಟ್ಟಿಗೆ ಗದ್ವಾಲದಲ್ಲಿ ಇದ್ದಿದ್ದರೆ ತಮ್ಮ ಆ ಒಂದು ಮಾತು ಆಡುತ್ತಿರಲಿಲ್ಲ. ಮಳೆಯಲ್ಲಿ, ತಾಯಿಯ ಹೆಣದ ಪಕ್ಕದಲ್ಲಿ, ಅಣ್ಣನ ದಾರಿ ನೋಡಿ ನೋಡಿ ಸಾಕಾದ ಆ ಸಣ್ಣ ವಯಸ್ಸಿನವನಿಗೆ ಬೇರೆ ಮಾತು ಸಿಕ್ಕಿರಲಿಕ್ಕಿಲ್ಲ.

ಮಗ ನನ್ನ ಕಡೆ ತಿರುಗಿದ. "ನೀವರ ಹೇಳ್ರೀ ಕಾಕಾ. ನಮ್ಮಪ್ಪ ಇದ್ದಿದ್ರ ಏನಂತಿದ್ದ?"

ನಾನು ಏನೋ ಬುದ್ಧಿಮಾತು ಹೇಳಬೇಕೆಂದು ಬಾಯಿ ತೆಗೆದೆ. ದೇವರಾಣೆ, ನಾನು ಬೇಕೆಂದು ಮಾಡಿದ್ದಲ್ಲ. ನನ್ನ ಗಂಟಲಿನಿಂದ ಅವನ ದನಿ ಬಂತು.

"ತಡಿ. ಒಬ್ಬರು ಬರೋರದಾರ."

ಒಳಗೆ ಹೆಣದ ಪಕ್ಕ ಕೂತಿದ್ದ ಅತ್ತಿಗೆಮ್ಮ ತಲೆಯೆತ್ತಿ, "ಬಂದ್ರೇನು?" ಎಂದು ಗಂಡನ ದನಿ ಕೇಳಿದವಳಂತೆ ಬಾಗಿಲ ಕಡೆ ನೋಡಿದಳು. ಮಗ ಕುರ್ಚಿಯ ಮೇಲೆ ಕುಸಿದು ಕೂತ. ಮುಂದೆ ಎತ್ತುವ ಮಾತು ಆಡಲಿಲ್ಲ.

ಮರುದಿನ ಬಿಸಿಲೇರುವ ಹೊತ್ತಿಗೆ ಗದ್ವಾಲದವರು ಬಂದರು. ಮೊದಲು ಇಳಿದದ್ದು ಆ ಕಿವಿಗಳು. ಅಣ್ಣನ ಕಿವಿಗಳೇ. ಕೋಲೂರಿಕೊಂಡು ಒಬ್ಬ ಮುದುಕ, ಹಿಂದೆ ಅವನ ಮಗ, ಸೊಸೆ, ಮೊಮ್ಮಕ್ಕಳು. ಮುದುಕ ಪೆಟ್ಟಿಗೆಯ ಗಾಜಿನ ಮೇಲೆ ಕೈಯಿಟ್ಟು ನಿಂತ. ತಣ್ಣನೆಯ ಗಾಜಿನ ಮೇಲೆ ಅವನ ಅಂಗೈಯ ಗುರುತು ಮೂಡಿತು. ಅಳಲಿಲ್ಲ. ಯಾರೋ ನೀರು ತಂದುಕೊಟ್ಟರು. ಗ್ಲಾಸು ಹಿಡಿದುಕೊಂಡು ಅಣ್ಣನ ಮುಖ ನೋಡಿದ, ಕುಡಿಯಬೇಕೋ ಬೇಡವೋ ಎಂದು ಕೇಳುವವನ ಹಾಗೆ. "ಕುಡೀರಿ ತಾತಾ" ಎಂದಳು ಎಸ್ತೇರ. ಆಮೇಲೆ ಕುಡಿದ.

ಸಮಾಧಿ ತೋಟದಲ್ಲಿ ಎರಡೂ ಮನೆಯವರು ಗುಂಡಿಯ ಎರಡು ಕಡೆ ನಿಂತರು. ಪಾಸ್ಟರು ವಾಕ್ಯ ಓದಿ, ಎಲ್ಲರೂ ಕೂಡಿ ಪ್ರಾರ್ಥಿಸೋಣ ಎಂದರು. ಶುರುವಾಯಿತು. ಎರಡೂ ಕಡೆಯ ದನಿ ಕೂಡಿ ಚೆನ್ನಾಗಿಯೇ ಹೋಗುತ್ತಿತ್ತು. ಆ ಸಾಲು ಬಂತು. ಈ ಕಡೆಯವರು ರೂಢಿಯಂತೆ ನಿಂತರು. ಅದು ನನಗೆ ಗೊತ್ತಿದ್ದದ್ದೇ, ಎದುರಿನವರ ದನಿ ಹಿಡಿದು ದಾಟಿಬಿಡೋಣ ಎಂದು ನಾನು ಜೋರಾಗಿ ಹೇಳುತ್ತ ಹೋದೆ. ಅರ್ಧ ಸಾಲಿಗೆ ನನ್ನ ದನಿ ನನಗೇ ಒಂಟಿಯಾಗಿ ಕೇಳಿಸಿತು. ತಲೆಯೆತ್ತಿದೆ.

ಆ ಕಡೆಯವರೂ ನಿಂತಿದ್ದರು.

ಮುದುಕ ತುಟಿ ಒತ್ತಿ ಹಿಡಿದು ನೆಲ ನೋಡುತ್ತಿದ್ದ. ಅವನ ಮಗ, ಸೊಸೆ, ಮೊಮ್ಮಕ್ಕಳು, ಎಲ್ಲರದೂ ತಲೆ ತಗ್ಗಿತ್ತು, ಎಲ್ಲರದೂ ಬಾಯಿ ಮುಚ್ಚಿತ್ತು. ಒಬ್ಬರ ಮುಖ ಒಬ್ಬರು ನೋಡದೆ ಬೆಳೆದ ಎರಡು ಮನೆಗಳು, ಹೊಳೆಯ ಆ ದಂಡೆ ಈ ದಂಡೆ, ಅಷ್ಟೂ ವರ್ಷ ಪ್ರತಿ ಭಾನುವಾರ ಒಂದೇ ಜಾಗದಲ್ಲಿ ಸುಮ್ಮನಾಗುತ್ತ ಬಂದಿದ್ದವು. ನಾನೂ ಬಾಯಿ ಮುಚ್ಚಿದೆ. ಪಾಸ್ಟರು ಹೊಸಬರು, ಏನಾಯಿತೆಂದು ತಿಳಿಯದೆ ಅವರೂ ನಿಂತರು. ನನಗೆ ಮಳೆಯ ಸದ್ದು ಕೇಳಿತು. ಮಳೆ ಬರುತ್ತಿರಲಿಲ್ಲ.

ಎಸ್ತೇರ ಗುಂಡಿಯ ಆಚೆ ನೋಡುತ್ತ ಕೇಳಿದಳು: "ತಾತಾ, ನೀವೂ ಇಲ್ಲಿ ಸುಮ್ನಿರತೀರೇನು?"

ಮುದುಕ ಗುಂಡಿಯನ್ನೇ ನೋಡುತ್ತ ಹೇಳಿದ: "ಅಣ್ಣ ನನ್ನ ಮನ್ಯಾಗ ನೀರ ಕುಡೀಲಾರದ ಹೋದ ನೋಡವ್ವಾ. ಅವತ್ತಿನಿಂದ."

ಅವಳು ನನ್ನ ಕಡೆ ತಿರುಗಿದಳು. "ಕಂಡಕ್ಟರ್ ತಾತಾ, ನನಗ ಬ್ಯಾರೇ ಎಲ್ಲಾ ಬರತೈತಿ. ಈ ಸಾಲು ಎಂದೂ ಅಂದಿಲ್ಲ. ಹೇಳಿಕೊಡ್ರಿ."

ನನ್ನ ಜೀವಮಾನದಲ್ಲಿ ನನ್ನ ಸ್ವಂತ ದನಿಯಲ್ಲಿ ನೆಟ್ಟಗೆ ಹೇಳಿದ ಮಾತು ಕಡಿಮೆ. ಅವತ್ತು ಒಂದೊಂದೇ ಪದ ಹೇಳಿಕೊಟ್ಟೆ. ಅವಳು ಒಂದೊಂದೇ ಪದ ಹೇಳಿದಳು, ಹೊಸ ಭಾಷೆ ಕಲಿಯುವವರ ಹಾಗೆ ತಡವರಿಸುತ್ತ, ಕೊನೆಯ ಪದದವರೆಗೂ ಹೇಳಿದಳು. ಆಚೆ ಕಡೆಯಿಂದ ಒಂದು ಹೆಣ್ಣು ದನಿ ಕೂಡಿಕೊಂಡಿತು, ಆಮೇಲೆ ಇನ್ನೊಂದು. ಮುದುಕನ ತುಟಿಗಳು ಅಲುಗಿದವು, ಸದ್ದು ಬರಲಿಲ್ಲ. ಡ್ರೈವರಣ್ಣನ ಮಗ ಬಾಯಿ ಬಿಡಲಿಲ್ಲ. ಅವನು ಇವತ್ತಿಗೂ ಬಿಟ್ಟಿಲ್ಲ. ಅಪ್ಪನ ಗಡಿಯಾರ ಒಬ್ಬನಿಗೆ ಬರುತ್ತದೆ, ಹೊಲ ಒಬ್ಬನಿಗೆ ಬರುತ್ತದೆ, ಅವನಿಗೆ ಆ ಮೌನ ಬಂದಿದೆ. ಇಳಿಸುವುದು ಅವನ ಕೈಯಲ್ಲಿದೆ, ಕೃಪೆ ದೇವರ ಕೈಯಲ್ಲಿದೆ. ನಾನು ಬರೀ ಕಂಡಕ್ಟರ್.

ಮೊದಲ ಹಿಡಿ ಮಣ್ಣು ಮುದುಕ ಹಾಕಿದ. ಹಾಕುವ ಮೊದಲು ಬಹಳ ಹೊತ್ತು ಮುಷ್ಟಿಯಲ್ಲೇ ಹಿಡಿದು ನಿಂತಿದ್ದ. ಯಾರೂ ಅವಸರ ಮಾಡಲಿಲ್ಲ.

ಸಂಜೆಯ ಬಸ್ಸಿಗೆ ಅವರನ್ನು ಮಕ್ತಲದವರೆಗೆ ಮುಟ್ಟಿಸಿ ಬರೋಣ ಎಂದು ನಾನೂ ಹತ್ತಿದೆ. ಮುದುಕನ ಪಕ್ಕ ಕೂತು ಅವನ ಅಣ್ಣ ಕಪ್ಪೆಗೆ ಟಿಕೆಟ್ ಕೇಳಿದ ಕಥೆ ಹೇಳಿದೆ. ಮುದುಕ ನಕ್ಕ. ಅಣ್ಣ ಹಾಗೆ ನಕ್ಕದ್ದನ್ನು ನಾನು ಎಂದೂ ಕಂಡಿರಲಿಲ್ಲ. ಮಕ್ತಲ ಬಂತು, ನಾನು ಇಳಿದೆ. ಇಳಿಯುವವರು ಇಳಿದರು, ಹತ್ತುವವರು ಹತ್ತಿದರು. ಬಸ್ಸು ಹೊರಡಲಿಲ್ಲ. ಡ್ರೈವರ್ ಮೀಸೆ ಈಗ ಮೂಡಿದ ಹುಡುಗ, ನನಗೆ ಪರಿಚಯವಿಲ್ಲದವನು. ಕನ್ನಡಿಯಲ್ಲಿ ಹಿಂದಿನ ರಸ್ತೆ ನೋಡುತ್ತ ಕೂತಿದ್ದ.

"ಯಾಕಪ್ಪಾ, ಗಾಡಿ ಕೆಟ್ಟೈತೇನು?" ಎಂದು ಕೇಳಿದೆ.

"ಇಲ್ರೀ ತಾತಾ. ಮಕ್ತಲದಾಗ ಗಾಡಿ ಬಿಡೋಕಿಂತ ಮೊದಲ ಸ್ವಲ್ಪ ತಡೀಬೇಕು. ನಮ್ಮ ಡಿಪೋದಾಗ ಮೊದಲಿಂದ ಹಂಗೈತಿ."

"ಯಾಕಂತ?"

"ಯಾರಿಗೆ ಗೊತ್ರೀ? ಹಿರೇರು ಹಂಗ ಕಲಿಸ್ಯಾರ. ಯಾರೋ ಒಬ್ಬರು ಬರೋರಿರತಾರಂತ."

ನನ್ನ ಜೇಬಿನಲ್ಲಿ ಹಳೇ ವಿಸಿಲ್ ಇತ್ತು, ಈಗಲೂ ಇಟ್ಟುಕೊಂಡಿರುತ್ತೇನೆ. ಊದಲಿಲ್ಲ. ಕಿಟಕಿಯಲ್ಲಿ ಮುದುಕ ಹುಡುಗನ ಮಾತು ಕೇಳಿಸಿಕೊಂಡು ಒಮ್ಮೆ ಹಿಂದಿನ ರಸ್ತೆಯ ಕಡೆ ನೋಡಿದ. ಬಿಸಿಲು ಇಳಿದ ರಸ್ತೆ, ಖಾಲಿ. ಅವನು ಕೋಲು ಎತ್ತಿಕೊಂಡು, ಸೀಟಿನಲ್ಲಿ ಕಿಟಕಿಯ ಕಡೆಗೆ ಸರಿದು, ಪಕ್ಕದಲ್ಲಿ ಒಬ್ಬರಿಗೆ ಜಾಗ ಮಾಡಿದ.